ಸುಣ್ಣ ತುಂಬಿದ ಹಿಮ್ಮಡಿ

ನಮ್ಮ ಮನೆಗೆ ಯಾವ ಕ್ರೀಮ್ ಬಂದರೂ ಅದು ಮೊದಲು ಅಮ್ಮನ ಮೂಗನ್ನು ದಾಟಬೇಕು. ಡಬ್ಬಿಯ ಮೇಲೆ ಏನು ಬರೆದಿದೆ, ಅದರೊಳಗೆ ಏನೇನು ಹಾಕಿದ್ದಾರೆ ಅನ್ನುವುದೆಲ್ಲ ಆಮೇಲಿನ ಮಾತು. ಅಮ್ಮ ಮುಚ್ಚಳ ತಿರುವಿ, ಕಣ್ಣು ಮುಚ್ಚಿ, ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತಾಳೆ. ಮಲ್ಲಿಗೆ, ಗುಲಾಬಿ, ಶ್ರೀಗಂಧ, ಬಾದಾಮಿ, ಯಾವುದರ ಸುಳಿವು ಸಿಕ್ಕರೂ ಡಬ್ಬಿ ವಾಪಸ್ ನನ್ನ ಕೈಗೆ ಬರುತ್ತದೆ. "ಇದನ್ನ ಹಚ್ಕೊಂಡು ಹುಳು ಮನೆ ಕಡೆ ತಲೆ ಹಾಕ್ಬೇಡ ಕಣೇ," ಅನ್ನುತ್ತಾಳೆ. ಅಲ್ಲಿಗೆ ಆ ಕ್ರೀಮಿನ ಕಥೆ ಮುಗಿಯಿತು.

ನಮ್ಮದು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಅಪ್ಪ ಅಮ್ಮ ಸೇರಿ ರೇಷ್ಮೆ ಹುಳು ಸಾಕುತ್ತಾರೆ, ಆದರೆ ಹುಳು ಮನೆಗೆ ಒಡತಿ ಅಮ್ಮನೇ. ತೋಟದಿಂದ ಸೊಪ್ಪು ತಂದು ಬಾಗಿಲಲ್ಲಿ ಇಳಿಸುವವರೆಗೆ ಮಾತ್ರ ಅಪ್ಪ ಯಜಮಾನ. ರೇಷ್ಮೆ ಹುಳುವಿನಷ್ಟು ನಾಜೂಕಿನ ಜೀವ ನಾನು ಬೇರೆ ನೋಡಿಲ್ಲ. ಸೊಳ್ಳೆ ಬತ್ತಿಯ ಹೊಗೆ ತಾಗಿದರೆ ಸಾಯುತ್ತದೆ, ಬೀಡಿ ಸೇದಿದ ಕೈ ಸೊಪ್ಪಿಗೆ ತಗುಲಿದರೆ ಮೇವು ಬಿಡುತ್ತದೆ. ಹಾಗಾಗಿ ಬೆಳೆ ಇರುವಷ್ಟು ದಿನ ಅಮ್ಮ ಹೂವು ಮುಡಿಯುವುದಿಲ್ಲ, ತಲೆಗೆ ಎಣ್ಣೆ ಇಡುವುದಿಲ್ಲ, ಘಮ್ಮೆನ್ನುವ ಸೋಪು ಮುಟ್ಟುವುದಿಲ್ಲ. ನನ್ನನ್ನು ಅದೇ ಊರಲ್ಲಿರುವ ಸೋದರಮಾವನ ಮಗನಿಗೇ ಕೊಟ್ಟಿದ್ದರಿಂದ ಮದುವೆಯಾದ ಮೇಲೆ ನನ್ನ ಬೀದಿ ಬದಲಾಯಿತೇ ಹೊರತು ಊರು ಬದಲಾಗಲಿಲ್ಲ. ಶ್ರೀನಿವಾಸಪುರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಸಂಜೆ ಬಸ್ಸಿಳಿದವಳು ಮೊದಲು ಅಮ್ಮನ ಮನೆಗೆ ಹೋಗಿ ಕಾಫಿ ಕುಡಿದು ಆಮೇಲೆ ನಮ್ಮ ಮನೆ ಸೇರುತ್ತೇನೆ. ಆದರೂ ಬೆಳೆ ಇದ್ದಾಗ ಹುಳು ಮನೆಯ ಹೊಸ್ತಿಲು ದಾಟುವ ಹಕ್ಕು ನನಗಿರಲಿಲ್ಲ. ಪೇಟೆಯ ವಾಸನೆ ಹೊತ್ತು ಬರುವವಳು ಅನ್ನುವುದು ನನ್ನ ಮೇಲಿದ್ದ ಆರೋಪ.

ಆರೋಪದಲ್ಲಿ ಸುಳ್ಳೇನೂ ಇಲ್ಲ. ಕ್ರೀಮ್ ಇಲ್ಲದೆ ನನಗೆ ದಿನ ಕಳೆಯುವುದಿಲ್ಲ. ನಮ್ಮ ತಾಯಿ ಕಡೆಯವರದೆಲ್ಲ ವಿಪರೀತ ಒಣ ಚರ್ಮ. ಚಿಕ್ಕವಳಿದ್ದಾಗ ಚಳಿಗಾಲದಲ್ಲಿ ಮೊಣಕಾಲ ಕೆಳಗೆ ಪೊರಕೆ ಕಡ್ಡಿಯಿಂದ ಗೀಚಿದರೆ ಅಕ್ಷರ ಬೆಳ್ಳಗೆ ಮೂಡುತ್ತಿತ್ತು. ಅಆಇಈಯನ್ನು ನಾನು ಸ್ಲೇಟಿಗಿಂತ ಹೆಚ್ಚಾಗಿ ಕಾಲಿನ ಮೇಲೆ ಬರೆದು ಕಲಿತೆ ಎಂದರೂ ನಡೆಯುತ್ತದೆ. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು. ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಆ ನೀರಲ್ಲಿ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮುಖ ಬಿಗಿದುಕೊಂಡು, ನಕ್ಕರೆ ಎಲ್ಲಿ ಹರಿದುಹೋಗುತ್ತದೋ ಅನ್ನಿಸುತ್ತದೆ. ನನಗೆ ಶಾಲೆಯ ಸೀಮೆಸುಣ್ಣದ ಕಾಟ ಬೇರೆ. ಅಮ್ಮನಿಗೆ ನಿಜವಾದ ಸುಣ್ಣದ ಕಾಟ.

ಹುಳುಗಳು ಪೊರೆ ಬಿಡುವ ಹೊತ್ತಿಗೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತವೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಅವುಗಳ ಹಾಸಿಗೆ ಒಣಗಿರಬೇಕೆಂದು ಮೇಲಿಂದ ಸುಣ್ಣದ ಪುಡಿ ಉದುರಿಸುತ್ತಾರೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ತಟ್ಟೆ ಇರುತ್ತದೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲನ್ನು ಅದರಲ್ಲಿ ಅದ್ದಿ, ಪಕ್ಕದ ಬಕೆಟ್ಟಿನಲ್ಲಿ ಕೈ ತೊಳೆದು ಹೋಗಬೇಕು. ಅಮ್ಮನ ಲೆಕ್ಕದಲ್ಲಿ ತೇವ ಅಂದರೆ ರೋಗ. ತೇವ ಇದ್ದಲ್ಲಿ ಹುಳು ಸಪ್ಪೆಯಾಗುತ್ತದೆ, ಕಪ್ಪಾಗುತ್ತದೆ, ಬೆಳಗಾಗುವಷ್ಟರಲ್ಲಿ ಹುಳು ಮೇಯುವ ಇಡೀ ಅಟ್ಟಣೆ ನಾರುತ್ತದೆ. ಒಣಗಿದ್ದರೆ ಕ್ಷೇಮ. ಮದುವೆಯಾಗಿ ಬಂದಾಗಿನಿಂದ ಈ ಒಂದು ತಿಳಿವಳಿಕೆಯಿಂದಲೇ ಅವಳು ಬೆಳೆ ಉಳಿಸಿಕೊಂಡು ಬಂದಿದ್ದಾಳೆ. ಅದೇ ತಿಳಿವಳಿಕೆ ಅವಳ ಒಂದು ಕಾಲನ್ನು ಕಿತ್ತುಕೊಳ್ಳಲು ಬಂದದ್ದನ್ನು ನಾನು ಕಣ್ಣಾರೆ ನೋಡಿದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ನಮ್ಮೂರಿನ ಶಾಲೆಯಲ್ಲಿ ನಡೆದ ಒಂದು ತಪಾಸಣೆಯಲ್ಲಿ. ಬೆರಳಿಗೆ ಸೂಜಿ ಚುಚ್ಚಿ ನೋಡಿದ ಹುಡುಗಿ ಎರಡನೇ ಸಲ ಚುಚ್ಚಿದಳು, ಮೂರನೇ ಸಲ ದೊಡ್ಡ ಡಾಕ್ಟರನ್ನು ಕರೆದಳು. ಎಷ್ಟು ವರ್ಷದಿಂದ ಇತ್ತೋ ದೇವರೇ ಬಲ್ಲ. ಅಮ್ಮ ಮಾತ್ರ "ಏಮೀ ಕಾದ್ಲೇ" ಎಂದು ಸೆರಗು ಕೊಡವಿಕೊಂಡು ಎದ್ದು ಬಂದಳು. ಏನೂ ಆಗಲ್ಲ ಬಿಡು ಎಂದು ಅರ್ಥ. ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡ, ಆದರೆ ಒಳಗೆ ಅಳುಕಿದ್ದಾಗ ಅಮ್ಮನ ಬಾಯಿಗೆ ತೆಲುಗು ಬರುತ್ತದೆ. ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಕಾಲು ನೋಡ್ಕೊಳ್ಳಿ, ಬಿರುಕು ಬಿಡೋಕೆ ಬಿಡ್ಬೇಡಿ, ಬರಿಗಾಲಲ್ಲಿ ಓಡಾಡ್ಬೇಡಿ," ಎಂದಿದ್ದರು. ಅಮ್ಮ ಮಾತ್ರೆಯನ್ನು ಒಪ್ಪಿಕೊಂಡಳು. ಕಾಲಿನ ಮಾತು ಅವಳ ಕಿವಿಗೇ ಬೀಳಲಿಲ್ಲ.

ನನ್ನ ಕಿವಿಗೆ ಬಿತ್ತು. ನಾನು ಹುಟ್ಟು ಪುಕ್ಕಲಿ. ಬಸ್ಸು ತಡವಾದರೆ ಅಪಘಾತ ಎಂದುಕೊಳ್ಳುತ್ತೇನೆ, ಫೋನ್ ಎತ್ತದಿದ್ದರೆ ಆಸ್ಪತ್ರೆ ಎಂದುಕೊಳ್ಳುತ್ತೇನೆ. ಆದರೆ ಈ ಭಯ ನಾನಾಗಿ ಕಟ್ಟಿಕೊಂಡದ್ದಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ, ನನಗೆ ದೊಡ್ಡಪ್ಪನಾಗಬೇಕಾದವರು ಒಬ್ಬರು ಜಗಲಿಯ ಮೇಲೆ ಕೂತಿರುತ್ತಾರೆ. ಪಂಚೆಯ ಒಂದು ಬದಿ ಮೊಣಕಾಲಿನಲ್ಲೇ ಮುಗಿಯುತ್ತದೆ. ಅವರಿಗೂ ಸಕ್ಕರೆ. ಹೇಗಾಯಿತು ದೊಡ್ಡಪ್ಪ ಎಂದು ಒಮ್ಮೆ ಕೇಳಿದ್ದೆ. "ಏನಿಲ್ಲ ಕಣಮ್ಮ, ಹಿಮ್ಮಡಿ ಒಂದಿಷ್ಟು ಒಡೆದಿತ್ತು," ಅಂದರು. ಅಷ್ಟೇ ಅಂದರು. ಅವತ್ತಿನಿಂದ ಆ ಜಗಲಿ ದಾಟುವಾಗೆಲ್ಲ ನನ್ನ ಕಣ್ಣಿಗೆ ಅಮ್ಮನ ಹಿಮ್ಮಡಿ ಬರುತ್ತಿತ್ತು. ನಾಲ್ಕೈದು ಕಡೆ ಆಳವಾಗಿ ಸೀಳಿ, ಸೀಳಿನ ಅಂಚು ಗಟ್ಟಿಯಾಗಿ, ನಡೆದರೆ ಸೀರೆಯ ಒಳಲಂಗಕ್ಕೆ ಸಿಕ್ಕಿಕೊಳ್ಳುತ್ತಿದ್ದ ಹಿಮ್ಮಡಿ ಅದು.

ಆಗ ಶುರುವಾಯಿತು ನನ್ನ ಕ್ರೀಮ್ ಬೇಟೆ. ನನ್ನ ಬ್ಯಾಗಿನಲ್ಲಿದ್ದ ಲೋಷನ್ ಮೊದಲು ಸೋತಿತು. ಅದರ ಗುಲಾಬಿ ವಾಸನೆಗೆ ಅಮ್ಮ ನನ್ನನ್ನು ಅಂಗಳದಿಂದಲೇ ಆಚೆ ಅಟ್ಟಿದಳು. ಹೊಂಗೆ ಎಣ್ಣೆ ಹಚ್ಚೋಣ ಎಂದೆ, "ಹುಳ ಸಾಯಿಸೋಕೆ ನಿಂಗೆ ಬೇರೆ ದಾರಿ ಇಲ್ವಾ?" ಎಂದಳು. ಕೊಟ್ಟಿಗೆಯ ಗೂಡಿನಲ್ಲಿ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಇತ್ತು. ನಮ್ಮ ಕಡೆ ಹಾಲು ಕರೆಯುವ ಎಷ್ಟೋ ಹೆಂಗಸರು ಅದನ್ನೇ ಕದ್ದು ಕೈಕಾಲಿಗೆ ಸವರಿಕೊಳ್ಳುತ್ತಾರೆ, ಒಳ್ಳೆಯದೂ ಆಗುತ್ತದೆ. ಅಮ್ಮ ಅದನ್ನು ಮೂಸಿ, "ಹಸೂಗೇ ಇರ್ಲಿ, ಅದಕ್ಕೆ ಹುಳು ಮನೆ ಕೆಲಸ ಇಲ್ಲ," ಎಂದು ಗೂಡಿಗೇ ಇಟ್ಟಳು.

ಔಷಧಿ ಅಂಗಡಿಯವನು ಒಂದು ಸಣ್ಣ ಟ್ಯೂಬ್ ಕೊಟ್ಟ. ಅಮ್ಮನ ಮೇಲೆ ಪ್ರಯೋಗ ಮಾಡುವ ಮುಂಚೆ ನನ್ನ ಕೈಗೇ ಹಚ್ಚಿ ನೋಡಿದೆ. ಕೆಲವೇ ದಿನಗಳಲ್ಲಿ ಸೀಮೆಸುಣ್ಣಕ್ಕೆ ಒಡೆದಿದ್ದ ಬೆರಳುಗಳು ನುಣ್ಣಗಾದವು. ನನಗೆ ಸ್ವರ್ಗವೇ ಸಿಕ್ಕಂತಾಯಿತು, ದಿನವೂ ಹಚ್ಚಿದೆ. ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ನರ ಎದ್ದು ಕಾಣಿಸಿದಾಗ ಹೆದರಿ ಕೋಲಾರಕ್ಕೆ ಓಡಿದೆ. ಅಲ್ಲಿನ ಚರ್ಮದ ಡಾಕ್ಟರಮ್ಮ ಟ್ಯೂಬ್ ನೋಡಿ ಹಣೆ ಗಟ್ಟಿಸಿಕೊಂಡರು. ಅದು ಸ್ಟೀರಾಯ್ಡ್ ಮದ್ದಂತೆ, ಡಾಕ್ಟರು ಹೇಳಿದಾಗ ಹೇಳಿದಷ್ಟು ದಿನ ಹಚ್ಚಬೇಕೇ ಹೊರತು ಒಣ ಚರ್ಮಕ್ಕೆ ದಿನದ ಕ್ರೀಮ್ ಅಲ್ಲವಂತೆ. ಅದು ಅಮ್ಮನ ಕಾಲಿಗೆ ಹೋಗಿದ್ದರೆ ಏನು ಗತಿ ಎಂದುಕೊಂಡು ಆ ಟ್ಯೂಬನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ ಬಂದೆ.

ಆ ಡಾಕ್ಟರಮ್ಮನೇ ನನಗೆ ಕ್ರೀಮ್ ಆರಿಸುವುದನ್ನು ಹೇಳಿಕೊಟ್ಟವರು. ತೆಳ್ಳಗೆ ಹರಿಯುವ ಲೋಷನ್ ನಮ್ಮಂಥ ಚರ್ಮಕ್ಕೆ ಸಾಲದು, ಮಂದವಾದ ಮುಲಾಮು ಬೇಕು ಎಂದರು. ಸ್ನಾನವಾಗಿ ಮೈ ಒದ್ದೆಯಾಗಿರುವಾಗಲೇ ಹಚ್ಚಿದರೆ ಆ ನೀರು ಒಳಗೇ ಉಳಿಯುತ್ತದೆ, ಒಣಗಿದ ಮೇಲೆ ಹಚ್ಚಿದರೆ ಅರ್ಧ ವ್ಯರ್ಥ. ಸುಡುನೀರು ಬೇಡ, ಕಲ್ಲಿನಿಂದ ಉಜ್ಜುವುದು ಬೇಡ, ಬೆರಳ ಸಂದಿಗೆ ಹಚ್ಚುವುದು ಬೇಡ. ಕೊನೆಗೆ, "ಮುಖ್ಯವಾಗಿ ಯಾವ ವಾಸನೆಯೂ ಇರಬಾರದು. ಸುವಾಸನೆಗೆ ಹಾಕೋ ಪದಾರ್ಥಾನೇ ಇಂಥ ಚರ್ಮಕ್ಕೆ ಶತ್ರು," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಹುಳುವಿಗಾಗಿ ಹಾಕಿದ್ದ ಕಟ್ಟಳೆಯನ್ನೇ ಅವರು ಮನುಷ್ಯರಿಗೆ ಹೇಳುತ್ತಿದ್ದರು.

ಅವರು ಹೇಳಿದಂಥ ಬಿಳೀ ಮುಲಾಮಿನ ಡಬ್ಬಿ ತಂದು ಅಮ್ಮನ ಮುಂದಿಟ್ಟೆ. ಅಮ್ಮ ಮೂಸಿದಳು. ಇನ್ನೊಮ್ಮೆ ಮೂಸಿದಳು. ಬೆರಳಿಗೆ ತೆಗೆದುಕೊಂಡು ಮೂಸಿದಳು. "ಏನೂ ವಾಸನೆ ಇಲ್ವಲ್ಲೇ," ಎಂದಳು. ನಾನು ಗೆದ್ದೆ ಎಂದುಕೊಂಡೆ. "ಏನೂ ವಾಸನೆ ಇಲ್ದಿರೋದು ಏನ್ ಕೆಲಸ ಮಾಡ್ತದೆ?" ಎಂದು ಮುಚ್ಚಳ ಹಾಕಿದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಈ ಬೆಳೆ ಒಂದು ಗೂಡು ಕಟ್ಲಿ, ಆಮೇಲೆ ಹಚ್ತೀನಿ. ಈಗ ಕಾಲು ಜಿಡ್ಡಾದ್ರೆ ಸುಣ್ಣ ಅಂಟ್ಕೊಂತದೆ, ತೇವ ಹಿಡೀತದೆ." ಆ ಬೆಳೆ ಗೂಡು ಕಟ್ಟಿತು, ಮುಂದಿನ ಬೆಳೆಗೆ ಹುಳು ಬಂದವು. ಡಬ್ಬಿ ದೇವರ ಗೂಡಿನ ಪಕ್ಕ ಕೂತೇ ಇತ್ತು.

ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ ನಡೆದದ್ದು ಇದು. ಒಣಗಾಳಿಗೆ ನನ್ನ ತುಟಿಯೂ ಒಡೆದಿತ್ತು. ಹುಳು ಕೊನೆಯ ಜ್ವರದಿಂದ ಎದ್ದು, ಸೊಪ್ಪು ಹಾಕಿದ್ದು ಹಾಕಿದಂತೆ ಖಾಲಿ ಮಾಡುವ ದಿನಗಳು. ಅಮ್ಮನಿಗೆ ಕೂರಲು ಪುರುಸೊತ್ತಿಲ್ಲ. ಆದರೆ ಒಂದು ಬದಲಾವಣೆ ಕಂಡೆ. ಹಿಂದಿನ ವಾರಗಳಲ್ಲಿ ಬಲಗಾಲನ್ನು ಸ್ವಲ್ಪ ಎತ್ತಿಟ್ಟು ನಡೆಯುತ್ತಿದ್ದವಳು ಈಗ ಸಲೀಸಾಗಿ ನಡೆಯುತ್ತಿದ್ದಳು. "ಹಿಮ್ಮಡಿ ಹೆಂಗೈತಮ್ಮ?" ಎಂದೆ. "ವಾಸಿಯಾಯ್ತು ಕಣೇ. ಚೂರೂ ನೋವಿಲ್ಲ," ಎಂದಳು. ನನಗೆಷ್ಟು ಖುಷಿಯಾಯಿತೆಂದರೆ ಅವತ್ತು ಇನ್ನೊಂದು ಲೋಟ ಕಾಫಿ ಕೇಳಿ ಕುಡಿದೆ. ತೋರಿಸು ನೋಡೋಣ ಎಂದು ಒಂದು ಮಾತು ಬಾಯಿಗೆ ಬರಲಿಲ್ಲ. ನೋವಿಲ್ಲ ಎಂದರೆ ಒಳ್ಳೆಯದಲ್ಲದೆ ಮತ್ತೇನು?

ಎರಡು ದಿನ ಬಿಟ್ಟು ಸಂಜೆ ಬಸ್ಸಿಳಿದು ಬಂದಾಗ ಅಮ್ಮ ಹುಳು ಮನೆಯಿಂದ ಹೊರಬಂದು ಅಡಿಗೆಮನೆಗೆ ಹೋಗಿದ್ದಳು. ನಮ್ಮ ನಡುಮನೆಗೆ ಕೆಂಪು ಗಾರೆಯ ನೆಲ. ಅದರ ಮೇಲೆ ಅಮ್ಮನ ಸುಣ್ಣದ ಹೆಜ್ಜೆಗಳು ಬಾಗಿಲಿಂದ ಒಲೆಯವರೆಗೂ ಬೆಳ್ಳಗೆ ಬಿದ್ದಿದ್ದವು. ಬೆಳೆ ಇದ್ದಾಗ ದಿನವೂ ಬೀಳುವಂಥವೇ. ನಾನು ಬ್ಯಾಗು ಇಳಿಸುತ್ತ ಸುಮ್ಮನೆ ನೋಡಿದೆ. ಎಡಗಾಲಿನದು ಪೂರ್ತಿ ಬಿಳಿ. ಬಲಗಾಲಿನ ಹಿಮ್ಮಡಿಯ ಕಡೆ ಒಂದು ಒದ್ದೆ ಗೆರೆ ಇತ್ತು. ಮುಂದಿನ ಹೆಜ್ಜೆಯಲ್ಲೂ ಇತ್ತು, ಅದರ ಮುಂದಿನದರಲ್ಲೂ ಇತ್ತು. ಬಗ್ಗಿ ಬೆರಳಿಂದ ಮುಟ್ಟಿದೆ. ನೀರಲ್ಲ, ಅಂಟಂಟು. ಮೂಸಿದೆ. ಅಮ್ಮನ ಮಗಳಲ್ಲವೇ, ನನಗೂ ಮೂಗೇ ಮೊದಲು. ಸತ್ತ ಹುಳುಗಳನ್ನು ಗುಂಡಿಗೆ ಹಾಕುವಾಗ ಬರುವ ವಾಸನೆ ಅದು.

"ಅಮ್ಮಾ, ಕೂತ್ಕೋ. ಕಾಲು ಕೊಡು."

"ಹಾಲು ಉಕ್ತದೆ, ಇರೇ."

"ಉಕ್ಕಿ ಹೋಗ್ಲಿ. ಕಾಲು ಕೊಡು ಅಂದೆ!"

ನನ್ನ ದನಿಗೆ ಹೆದರಿ ಅಮ್ಮ ಮಣೆಯ ಮೇಲೆ ಕೂತಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿದೆ. ಹಿಮ್ಮಡಿಯಲ್ಲಿ ಒಂದು ಬಿರುಕೂ ಕಾಣಲಿಲ್ಲ. ಬಿರುಕಿನ ಜಾಗದಲ್ಲೆಲ್ಲ ಗೋಡೆಗೆ ಗಾರೆ ಮೆತ್ತಿದ ಹಾಗೆ ಬಿಳೀ ಗಟ್ಟಿ ಸುಣ್ಣ ತುಂಬಿತ್ತು. ಅತಿ ದೊಡ್ಡದೊಂದರ ಅಂಚಿನಿಂದ ಹಳದಿ ಜಿನುಗುತ್ತಿತ್ತು. "ಇದೇನಮ್ಮಾ ಇದು?" ಎಂದೆ. ಅಮ್ಮನ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. "ಒಳಗೆ ಸ್ವಲ್ಪ ತೇವ ಆಡ್ತಿತ್ತು. ದಿನಾ ಒಂದು ಚಿಟಿಕೆ ಸುಣ್ಣ ತುಂಬ್ದೆ. ನೋಡು, ಒಣಗಿಹೋಯ್ತು," ಎಂದಳು. ಹುಳುವಿಗೆ ಏನು ಮಾಡುತ್ತಿದ್ದಳೋ ಅದನ್ನೇ ತನ್ನ ಕಾಲಿಗೂ ಮಾಡಿಕೊಂಡಿದ್ದಳು. ಅವಳಿಗೆ ತಿಳಿದಿದ್ದ ಅತ್ಯುತ್ತಮ ಚಿಕಿತ್ಸೆ ಅದು.

ಬಿಂದಿಗೆಗಟ್ಟಲೆ ನೀರು ಹುಯ್ದೆ. ಸುಣ್ಣ ಹೆಂಟೆಹೆಂಟೆಯಾಗಿ ಕಳಚಿ ಬಂತು. ಅದರ ಕೆಳಗೆ ಕಂಡದ್ದನ್ನು ಬರೆಯಲು ನನಗೆ ಮನಸ್ಸಿಲ್ಲ. ನನ್ನ ಕಿರುಬೆರಳ ತುದಿ ಒಳಗೆ ಹೋಗುವಷ್ಟು ಆಳವಿತ್ತು ಎಂದಷ್ಟೇ ಹೇಳುತ್ತೇನೆ. ನಾನು ತೊಳೆಯುತ್ತಿದ್ದಾಗ ಅಮ್ಮ ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ನನ್ನ ಭುಜದ ಮೇಲಿಂದ ಇಣುಕಿ, "ಆರನೇ ಅಟ್ಟಣೆಗೆ ಸೊಪ್ಪು ಹಾಕ್ಬೇಕಿತ್ತು," ಅನ್ನುತ್ತಿದ್ದಳು. ನೋವಿಲ್ಲ ಎಂದು ಅವಳು ಹೇಳಿದ್ದು ನಿಜವೇ ಆಗಿತ್ತು. ಆ ನಿಜಕ್ಕೇ ನಾನು ಹೆದರಿದೆ.

ನನ್ನ ಗಂಡ ಪಕ್ಕದ ಮನೆಯವರ ಕಾರು ತಂದ. ಕೋಲಾರದವರೆಗೂ ಅಮ್ಮನ ಕಾಲು ನನ್ನ ತೊಡೆಯ ಮೇಲೆ, ಒಂದು ಹಳೇ ಪಂಚೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಮಾವಿನ ತೋಪುಗಳು. ಮಾವು ಹೂವು ಬಿಟ್ಟಿದೆಯಾ ಎಂದು ಅಮ್ಮ ಕಿಟಕಿಯಲ್ಲಿ ನೋಡುತ್ತಿದ್ದಳು. ನನಗೆ ಆ ಕಾಲಿನ ಭಾರವೊಂದೇ ಗೊತ್ತಾಗುತ್ತಿತ್ತು. ನಾಳೆ ಈ ಭಾರ ಇರುತ್ತದೋ ಇಲ್ಲವೋ, ದೊಡ್ಡಪ್ಪನ ಜಗಲಿಯ ಹಾಗೆ ನಮ್ಮ ಜಗಲಿಯೂ ಆಗುತ್ತದೋ ಏನೋ ಎಂದು ಯೋಚಿಸುತ್ತ ಪಂಚೆಯ ಗಂಟನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡುತ್ತಿದ್ದೆ. "ಏಮೀ ಕಾದ್ಲೇ," ಎಂದಳು ಅಮ್ಮ. ಅವಳಿಗೂ ಅಳುಕಿದೆ ಎಂದು ಗೊತ್ತಾಗಿ ನನಗೆ ಇನ್ನಷ್ಟು ಭಯವಾಯಿತು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಹೆಚ್ಚು ಮಾತಾಡುವವರಲ್ಲ. ಸತ್ತ ಚರ್ಮವನ್ನು ಕತ್ತರಿಸಿ ತೆಗೆಯಬೇಕು, ನೋವು ತಿಳಿಯದ ಹಾಗೆ ಇಂಜೆಕ್ಷನ್ ಕೊಟ್ಟು ಮಾಡುತ್ತೇನೆ ಎಂದರು. ಕೊಡುವ ಮುಂಚೆ ಚಿಮಟಿಯಿಂದ ಅಲ್ಲಲ್ಲಿ ಒತ್ತಿ ನೋಡಿದರು. ಇನ್ನೂ ಒತ್ತಿದರು. ಅಮ್ಮ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಳು. "ಇಂಜೆಕ್ಷನ್ ಬೇಡ," ಎಂದರು ಡಾಕ್ಟರು ಮೆಲ್ಲಗೆ, ನರ್ಸಿನ ಕಡೆ ತಿರುಗಿ. ಕತ್ತರಿ ಆಡುತ್ತಿತ್ತು, ಅಮ್ಮ ನನ್ನ ಜೊತೆ ಸೊಪ್ಪಿನ ವಿಷಯ ಮಾತಾಡುತ್ತಿದ್ದಳು. ಅಮ್ಮಾ, ಒಂದ್ಸಲ ಕೂಗು. ಅಯ್ಯೋ ಅನ್ನು, ಡಾಕ್ಟರನ್ನು ಬೈದುಬಿಡು. ನನ್ನ ತಾಯಿಗೆ ನೋವಾಗಲಿ ಎಂದು ನಾನು ಅವತ್ತು ದೇವರನ್ನು ಬೇಡಿಕೊಂಡೆ.

ಮುಗಿದ ಮೇಲೆ ಡಾಕ್ಟರು ನನ್ನನ್ನು ಆಚೆ ಕರೆದರು. "ಮೂಳೆ ಮುಟ್ಟಿಲ್ಲ. ಅದು ನಿಮ್ಮ ಪುಣ್ಯ. ಬ್ಲೀಚಿಂಗ್ ನೀರು ಮೇಲಿಂದ ಒಣಗಿಸಿದೆ, ಸುಣ್ಣ ಒಳಗಿಂದ ಸುಟ್ಟಿದೆ. ಅವರಿಗೆ ಗೊತ್ತಾಗಿಲ್ಲ, ಯಾಕಂದ್ರೆ ಪಾದಕ್ಕೆ ಸ್ಪರ್ಶಾನೇ ಇಲ್ಲ," ಎಂದರು. "ಸ್ಪರ್ಶ ಮತ್ತೆ ಬರುತ್ತಾ ಸಾರ್?" ಎಂದೆ. "ನೋಡ್ಬೇಕು. ಹೆಚ್ಚು ಆಸೆ ಇಟ್ಕೊಬೇಡಿ. ಇನ್ಮೇಲೆ ಅವರ ಪಾದಕ್ಕೆ ನಿಮ್ಮ ಕಣ್ಣೇ ಗತಿ. ಚರ್ಮ ಮೆತ್ತಗಿರ್ಬೇಕು, ಬಿರುಕು ಬಿಡ್ಬಾರ್ದು, ಬರಿಗಾಲು ನೆಲ ಮುಟ್ಟಬಾರ್ದು." ಇದೆಲ್ಲವನ್ನೂ ಅಮ್ಮನಿಗೆ ಹೇಳಿದೆ. ಸ್ಪರ್ಶದ ಮಾತು ಮಾತ್ರ ಅವಳು ಒಪ್ಪಲಿಲ್ಲ. "ಅವಯ್ಯನಿಗೇನ್ ಗೊತ್ತು ನನ್ನ ಕಾಲು? ಮರಗಟ್ಟೈತೆ, ಬಿಸಿಲು ಬಂದ್ರೆ ಸರಿಹೋಗ್ತದೆ," ಎಂದು ಮುಖ ತಿರುಗಿಸಿದಳು.

ಹುಳು ಹಸಿದಿದ್ದವು. ಅಮ್ಮ ಮಂಚದಲ್ಲಿ, ಅಪ್ಪ ಒಬ್ಬನೇ. ನಾನು ಶಾಲೆಗೆ ರಜೆ ಹಾಕಿ, ಬರೀ ನೀರಲ್ಲಿ ತಲೆ ತೊಳೆದು, ಹಳೇ ಸೀರೆ ಉಟ್ಟು, ಅಮ್ಮನ ಮುಂದೆ ನಿಂತೆ. ಅಮ್ಮ ನನ್ನ ಕೂದಲು, ಕುತ್ತಿಗೆ, ಅಂಗೈ ಎಲ್ಲ ಮೂಸಿ ನೋಡಿ, "ಹೋಗು," ಎಂದಳು. ಒಳಗೆ ಹೋದರೆ ಮಳೆ ಬಂದಂಥ ಸದ್ದು, ಸಾವಿರಾರು ಬಾಯಿ ಸೊಪ್ಪು ಮೇಯುತ್ತಿದ್ದವು. ಕೆಲವೇ ದಿನಗಳಲ್ಲಿ ಬ್ಲೀಚಿಂಗ್ ನೀರಿಗೆ ನನ್ನ ಬೆರಳುಗಳೆಲ್ಲ ಸೀಳಿದವು. ಉಪ್ಪಿನಕಾಯಿ ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಅಮ್ಮ ಇದನ್ನು ಇಷ್ಟು ವರ್ಷ ಹೇಗೆ ಸಹಿಸಿದಳು ಎಂದುಕೊಂಡೆ, ಆಮೇಲೆ ಅವಳ ಕಾಲಿಗೆ ನೋವು ತಿಳಿಯುವುದೇ ಯಾವಾಗಲೋ ನಿಂತಿದೆ ಎಂದು ನೆನಪಾಯಿತು. ಹುಳು ಹಣ್ಣಾಗಿ ಹಳದಿಗೆ ತಿರುಗಿದಾಗ ಒಂದೊಂದನ್ನೇ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಅಂಗೈ ಮೇಲೆ ಇಟ್ಟುಕೊಂಡರೆ ಅದರ ಮೈ ತಣ್ಣಗೆ, ಅದರ ಪುಟ್ಟ ಕಾಲುಗಳು ಚರ್ಮವನ್ನು ಹಿಡಿದು ಹಿಡಿದು ಬಿಡುತ್ತವೆ. ಒಮ್ಮೆ ಗೊತ್ತಾದರೆ ಯಾರೂ ಮರೆಯುವ ಸ್ಪರ್ಶವಲ್ಲ ಅದು.

ಗಾಯ ಮಾಗಲು ಯುಗಾದಿ ದಾಟಿತು. ಅಷ್ಟು ದಿನವೂ ನಾನು ಸಂಜೆ ಹೋಗಿ ಕಾಲು ತೊಳೆದು, ಒತ್ತಿ ಒರೆಸಿ, ಗಾಯದ ಜಾಗ ಬಿಟ್ಟು ಉಳಿದೆಡೆ ಆ ಬಿಳೀ ಮುಲಾಮು ಹಚ್ಚಿದೆ. ಗಾಯ ಮುಚ್ಚಿದ ಮೇಲೆ ಡಾಕ್ಟರಮ್ಮ ದಪ್ಪಗಟ್ಟಿದ ಹಿಮ್ಮಡಿಗೆಂದು ಬೇರೊಂದು ಕ್ರೀಮ್ ಕೊಟ್ಟರು, ಯೂರಿಯಾ ಇರುವಂಥದ್ದು. "ತೋಟಕ್ಕೆ ಹಾಕೋ ಯೂರಿಯಾನ?" ಎಂದು ಅಪ್ಪ ಬೆಚ್ಚಿಬಿದ್ದ. ಅಮ್ಮ ಕಾಲು ಕೊಟ್ಟು ಕೂರುತ್ತಿದ್ದಳು, ಆದರೆ ಪ್ರತಿ ಸಲವೂ ಡಬ್ಬಿಯನ್ನು ಮೊದಲು ಮೂಸುತ್ತಿದ್ದಳು. ನನ್ನ ಸಮಾಧಾನಕ್ಕೆಂದು ಕಾಲು ಕೊಡುವವಳ ಹಾಗೆ ಕೂರುತ್ತಿದ್ದಳು. ಹುಳು ಮನೆಯೊಳಗೇ ಇರಲೆಂದು ನಾನು ಒಂದು ಜೊತೆ ಮೆತ್ತನೆಯ ಹೊಸ ಚಪ್ಪಲಿ ತಂದಾಗ ಮಾತ್ರ ದೊಡ್ಡ ರಾದ್ಧಾಂತ ಮಾಡಿದಳು. ಹುಳು ಮನೆಯಲ್ಲಿ ಚಪ್ಪಲಿ! ಅವಳ ಪಾಲಿಗೆ ಅದು ದೇವರ ಮನೆಯಲ್ಲಿ ಚಪ್ಪಲಿ ಹಾಕಿದಂತೆ.

ಬೇಸಿಗೆಯ ಬೆಳೆ ಹಣ್ಣಾಗುವ ದಿನ ಬಂತು. ನನಗೆ ಶಾಲೆ ರಜೆ. ಬೆಳಿಗ್ಗೆ ಹೋದರೆ ಅಮ್ಮ ಬರಿಗಾಲಲ್ಲಿ ಹುಳು ಮನೆಯ ಬಾಗಿಲಲ್ಲಿದ್ದಳು, ಚಪ್ಪಲಿ ಮೂಲೆಯಲ್ಲಿತ್ತು. ನಾನು ಕೂಗಾಡಿದೆ. ಅವಳೂ ಕೂಗಾಡಿದಳು.

"ನನ್ನ ಕಾಲು ನಂಗೆ ಗೊತ್ತಾಗಲ್ವಾ? ಬಿಸಿಲು ಬಂತು, ಎಲ್ಲಾ ಸರಿಹೋಯ್ತು. ನೆಲ ಬಿಸಿ, ತಣ್ಣಗೆ, ಎಲ್ಲಾ ತಿಳೀತದೆ."

"ಹಂಗಾದ್ರೆ ಕಣ್ಣು ಮುಚ್ಕೋ. ಡಾಕ್ಟ್ರು ಚಿಮಟೀಲಿ ಒತ್ತಿ ನೋಡಿದ್ರಲ್ಲ, ನಾನು ದಾರದಲ್ಲಿ ಮುಟ್ಟಿ ನೋಡ್ತೀನಿ."

"ದಾರ ಯಾಕೆ? ಹುಳ ಇಡು. ನಿದ್ದೇಲಿದ್ರೂ ನಂಗೆ ಹುಳ ನಡೆಯೋದು ತಿಳೀತದೆ. ಗೊತ್ತಾಯ್ತು ಅಂದ್ರೆ ಆ ಚಪ್ಪಲೀನ ತಿಪ್ಪೆಗೆ ಎಸೀಬೇಕು ನೀನು."

ಒಪ್ಪಿದೆ. ಅವಳು ಗೆಲ್ಲಲಿ ಎಂದೇ ನನ್ನ ಆಸೆಯಿತ್ತು. ಅಮ್ಮ ಸೊಪ್ಪಿನ ಚೀಲದ ಮೇಲೆ ಕೂತು ಕಾಲು ಚಾಚಿದಳು. ಹಿಮ್ಮಡಿ ಎಷ್ಟು ಚೆನ್ನಾಗಿತ್ತು ಎಂದರೆ ನೋಡಿ ನನಗೇ ಹೆಮ್ಮೆಯಾಯಿತು. ಒಂದೂ ಬಿರುಕಿಲ್ಲ, ಗಾಯದ ಜಾಗದಲ್ಲಿ ನಸುಗೆಂಪು ಗೆರೆಯಷ್ಟೇ ಉಳಿದಿತ್ತು. ಅಮ್ಮ ಕಣ್ಣು ಮುಚ್ಚಿದಳು. ತುಟಿಯಲ್ಲಿ ಆಗಲೇ ಗೆದ್ದ ನಗು. ನಾನು ಅಟ್ಟಣೆಯಿಂದ ಚೆನ್ನಾಗಿ ಹಣ್ಣಾದ ಒಂದು ಹುಳು ತೆಗೆದು ಅವಳ ಪಾದದ ಮೇಲೆ, ಹಿಮ್ಮಡಿಯ ಮೇಲ್ಗಡೆ ಬಿಟ್ಟೆ. ಹುಳು ತಲೆ ಎತ್ತಿ ಆ ಕಡೆ ಈ ಕಡೆ ಹುಡುಕಿತು. ಆಮೇಲೆ ಮೆಲ್ಲಗೆ ಹರಿಯತೊಡಗಿತು. ಹಿಮ್ಮಡಿಯ ಪಕ್ಕದಲ್ಲಿ ಹಾದು, ಪಾದದ ಅಂಚು ಹಿಡಿದು, ಕಿರುಬೆರಳ ಕಡೆ ಹೊರಟಿತು. ನಾನು ಅಮ್ಮನ ಮುಖ ನೋಡುತ್ತಿದ್ದೆ.

"ಇಡೇ," ಎಂದಳು ಅಮ್ಮ. "ಎಷ್ಟೊತ್ತು ಮಾಡ್ತೀಯ? ನಂಗೆ ಕೆಲಸ ಐತೆ."

ಹುಳು ಕಿರುಬೆರಳು ಹತ್ತುತ್ತಿತ್ತು. ಕಾದು ಬೇಸತ್ತು ಅಮ್ಮ ಕಣ್ಣು ಬಿಟ್ಟಳು. ಮೊದಲು ನನ್ನ ಖಾಲಿ ಕೈ ನೋಡಿದಳು, ಆಮೇಲೆ ತನ್ನ ಕಾಲು ನೋಡಿದಳು. ಬೆರಳ ತುದಿಯಲ್ಲಿ ಹುಳು ತಲೆ ಎತ್ತಿ ನಿಂತಿತ್ತು. ಅಮ್ಮ ಅದನ್ನೇ ನೋಡುತ್ತ ಕೂತಳು. ಬೆರಳು ಅಲ್ಲಾಡಿಸಿದಳು. ಹುಳು ಅಲ್ಲಾಡಿತು. ಏಮೀ ಕಾದ್ಲೇ ಅನ್ನುತ್ತಾಳೆ ಎಂದು ಕಾದೆ, ಅವಳು ಅನ್ನಲಿಲ್ಲ. ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಅದು ಅಂಗೈ ದಾಟುವವರೆಗೂ ಅದನ್ನು ಬಿಡದೆ ನೋಡಿದಳು. ನನ್ನ ತಾಯಿ ಹೆದರಿಕೆಯನ್ನು ಮುಚ್ಚಿಡದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಚಪ್ಪಲಿ ಕೊಡು," ಎಂದಳು ಕೊನೆಗೆ. ತಂದು ಮೆಟ್ಟಿಸಿದೆ. ಮೆಟ್ಟಿದ್ದೂ ಅವಳಿಗೆ ಗೊತ್ತಾಗಿರಲಿಕ್ಕಿಲ್ಲ, ಬಗ್ಗಿ ಬಾರನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಅವತ್ತು ಸಂಜೆ ನಾನು ಕೇಳುವ ಮುಂಚೆಯೇ ಕಾಲು ತೊಳೆದುಕೊಂಡು ಬಂದು ಮಣೆಯ ಮೇಲೆ ಕೂತಳು. ನಾನು ಡಬ್ಬಿಯ ಮುಚ್ಚಳ ತೆಗೆದು ಎಂದಿನಂತೆ ಅವಳ ಮೂಗಿನ ಮುಂದೆ ಹಿಡಿದೆ. ಅಮ್ಮ ಅದನ್ನು ಮೂಸಲಿಲ್ಲ. "ಹಚ್ಚು," ಎಂದು ಎರಡೂ ಕಾಲನ್ನು ನನ್ನ ಮಡಿಲಿಗೆ ಇಟ್ಟಳು.